ನೀಲಿಕಲ್ಲು ದಿಬ್ಬದ ಹಿಕ್ಕೆಹಾಸು

ನೊರ್ಜಿನ್ ಸೊಸೆಯಾಗಿ ಬಂದ ಮೊದಲ ಚಳಿಗಾಲದಲ್ಲಿ ಅತ್ತೆ ದೆಜಿದ್ ಅವಳನ್ನು ಕುರಿರೊಪ್ಪದೊಳಕ್ಕೆ ಕರೆದುಕೊಂಡು ಹೋಗಿ ಬೂಟು ಬಿಚ್ಚಿಸಿದಳು. ಹೊರಗೆ ಉಗುಳಿದರೆ ನೆಲ ಮುಟ್ಟುವಷ್ಟರಲ್ಲಿ ಗಟ್ಟಿಯಾಗುವ ಚಳಿ. ಕಾಲಿಡು ಅಂದಳು. ಹೊಸ ಸೊಸೆ, ಎದುರಾಡುವ ಹಾಗಿಲ್ಲ. ನೊರ್ಜಿನ್ ಹಲ್ಲು ಕಚ್ಚಿ ಬರಿಗಾಲು ಊರಿದಳು. ಕೆಳಗೆ ಬೆಚ್ಚಗಿತ್ತು. ಮಲಗಿದ್ದ ಪ್ರಾಣಿ ಈಗಷ್ಟೇ ಎದ್ದು ಹೋದ ಜಾಗದ ಹಾಗೆ.

"ಈ ಮನೇಲಿ ಬೆಲೆ ಬಾಳೋದು ಇದೊಂದೇ," ಅಂದಳು ದೆಜಿದ್. "ನನ್ನ ಮಗನ್ನೂ ಲೆಕ್ಕಕ್ಕೆ ಹಿಡಿದೇ ಹೇಳ್ತಿದ್ದೀನಿ."

ಅದು ಹಿಕ್ಕೆಯ ಹಾಸು. ದಿಬ್ಬದ ದಕ್ಷಿಣ ಮಗ್ಗುಲಲ್ಲಿ, ಗಾಳಿಗೆ ಬೆನ್ನು ಕೊಟ್ಟು ನಿಂತ ಕಲ್ಲುಗೋಡೆಗಳ ನಡುವೆ, ತಲೆಮಾರುಗಟ್ಟಲೆ ಆಡುಕುರಿ ಮಲಗಿ, ತುಳಿದು, ಉಚ್ಚೆ ಹೊಯ್ದು, ಅದು ಬೇಸಿಗೆಯಲ್ಲಿ ಒಣಗಿ, ಮುಂದಿನ ವರ್ಷ ಮತ್ತೆ ತುಳಿತಕ್ಕೆ ಸಿಕ್ಕಿ ಮೊಣಕಾಲೆತ್ತರ ಗಟ್ಟಿಯಾದದ್ದು. ಗೋಬಿ ಮರುಭೂಮಿಯ ಜನ ಗುಡಾರವನ್ನು ಎಲ್ಲಿ ಬೇಕಾದರೂ ಹೂಡುತ್ತಾರೆ. ಬೇಸಿಗೆಗೆ ಒಂದು ಕಡೆ, ಹುಲ್ಲು ಮುಗಿದರೆ ಇನ್ನೊಂದು ಕಡೆ. ಚಳಿಗಾಲಕ್ಕೆ ಮಾತ್ರ ಬೀಡು ಒಂದೇ, ಹಾಸು ಇರುವ ಕಡೆ. ಹಾಸಿನ ಮೇಲೆ ಆಡು ಮಲಗುತ್ತದೆ, ಮಲಗಿದ ಆಡಿನ ಕೊಬ್ಬು ವಸಂತದವರೆಗೆ ಉಳಿಯುತ್ತದೆ. ಬರಿನೆಲದ ಮೇಲೆ ಆಡು ಚಳಿಗೆ ಹೆದರಿ ನಿಂತೇ ಇರುತ್ತದೆ, ನಿಂತಲ್ಲೇ ಕರಗುತ್ತದೆ.

ಬೀಡಿನ ಹಕ್ಕುಪತ್ರ ಇದ್ದದ್ದು ಮಾವನ ಹೆಸರಿನಲ್ಲಿ, ಅವನು ಸತ್ತ ಮೇಲೆ ಗಂಡ ಸೊದ್ನೊಮನ ಹೆಸರಿನಲ್ಲಿ. ಹಾಸಿನ ಕೆಲಸವಷ್ಟೂ ಹೆಂಗಸರದು. ವಸಂತದಲ್ಲಿ ಮೇಲಿನ ಒಂದು ಪದರ ಮಾತ್ರ ಇಟ್ಟಿಗೆ ಇಟ್ಟಿಗೆಯಾಗಿ ಕೊಯ್ದು ಗೋಡೆಗೆ ಒಟ್ಟುವುದು, ಒಣಗಿಸಿ ಮುಂದಿನ ಚಳಿಗಾಲಕ್ಕೆ ಒಲೆಗೆ ಇಟ್ಟುಕೊಳ್ಳುವುದು, ಒದ್ದೆಯಾದ ಮೂಲೆಯನ್ನು ಕೆದಕಿ ಬಿಸಿಲಿಗೆ ಹಾಕುವುದು, ದಿನಾ ಮುಂಜಾನೆ ಹಿಮ ಗುಡಿಸುವುದು. ಗಂಡಸರು ಕುದುರೆ ಏರಿ ಹೋಗಿ ಸಂಜೆ ಬಂದು, ಈ ಸಲ ರೊಪ್ಪ ಚೆನ್ನಾಗಿದೆ ಅನ್ನುವರು. ಬಾನಿನಿಂದ ಬಿದ್ದದ್ದೇನೋ ಅನ್ನುವ ಹಾಗೆ.

ದಿಬ್ಬದ ಕಥೆಯನ್ನೂ ನೊರ್ಜಿನ್‌ಗೆ ಹೇಳಿದವಳು ಅತ್ತೆಯೇ, ಆಡಿನ ಕರುಳು ತೊಳೆಯುತ್ತಾ. ದಿಬ್ಬದ ನೆತ್ತಿಯ ಮಣ್ಣು ಸುಣ್ಣದ ಹಾಗೆ ಬೆಳ್ಳಗೆ, ಅಲ್ಲಲ್ಲಿ ತುಕ್ಕಿನ ಕೆಂಪು, ಬಂಡೆಯ ಬಿರುಕಿನಲ್ಲಿ ಹಸಿರು, ನೀಲಿ ಕಲೆ. ಯಾವ ಕಾಲದವರೋ ಅಗೆದು ಬಿಟ್ಟ ಗುಂಡಿಗಳೂ, ಕರಗಿಸಿ ಚೆಲ್ಲಿದ ಕಪ್ಪು ಕಿಟ್ಟವೂ ಇದ್ದವು. ಹಿಂಡುಗಳೆಲ್ಲ ಸರ್ಕಾರದ್ದಾಗಿ, ಊರವರು ಒಟ್ಟಾಗಿ ಅವನ್ನು ಕಾಯುತ್ತಿದ್ದ ಕಾಲದಲ್ಲಿ ರಷ್ಯನ್ನರು ಲಾರಿ ತುಂಬ ಬಂದರು. ಮೂರು ಬೇಸಿಗೆ ದಿಬ್ಬದ ಬುಡದಲ್ಲೇ ಬಿಡಾರ. ಉದ್ದುದ್ದ ಕಾಲುವೆಯ ಹಾಗೆ ಅಗೆದರು, ಬಂಡೆಗಳ ಮೇಲೆ ಕೆಂಪು ಬಣ್ಣದಲ್ಲಿ ಅಂಕಿ ಬರೆದರು. ಹಾಲು ಹಾಕಿದ ಉಪ್ಪುಚಹಾ ಕಾಸಿದವಳು, ರೊಟ್ಟಿ ಸುಟ್ಟವಳು, ಅವರ ಅಂಗಿ ಒಗೆದವಳು ದೆಜಿದ್. ಅಷ್ಟಕ್ಕೆಲ್ಲ ಸಿಕ್ಕಿದ್ದು ಮಾವನಿಗೆ ಒಂದು ಪದಕ. ಕೊನೆಗೆ, ತಾಮ್ರ ಇದೆ, ನೀರಿಲ್ಲ, ರೈಲಿಲ್ಲ ಎಂದು ಹೊರಟುಹೋದರು. ಆ ಅಗೆತದಲ್ಲಿ ಅವಳ ಒಳ್ಳೆಯ ಹಾಲಿನ ಒಂಟೆಯೊಂದು ಕಾಲು ಮುರಿದುಕೊಂಡಿತು.

ರಷ್ಯನ್ನರು ದೇಶವನ್ನೇ ಬಿಟ್ಟ ಮೇಲೆ ಕಡಲಾಚೆಯವರು ಬಂದರು, ಸುತ್ತಿಗೆ ಹಿಡಿದು ಕಾಲ್ನಡಿಗೆಯಲ್ಲಿ. ಕಲ್ಲನ್ನು ಒಡೆದು, ಒಡೆದ ಮುಖವನ್ನು ನಾಲಿಗೆಯಿಂದ ಒದ್ದೆ ಮಾಡಿ ಭೂತಗನ್ನಡಿಯಲ್ಲಿ ನೋಡುವರು. ನಮ್ಮ ಕುರಿಗಳು ಕೂಡ ಈ ದಿಬ್ಬವನ್ನ ಇಷ್ಟು ನೆಕ್ಕಿಲ್ಲ ಎಂದು ದೆಜಿದ್ ನಗುತ್ತಿದ್ದಳು. ಅವರಿಗೂ ಚಹಾ ಕಾಸಿದವರು ಅತ್ತೆ ಸೊಸೆ. ತಾಮ್ರದ ಜೊತೆ ಚಿನ್ನವೂ ಇರಬಹುದು ಅಂದರು. ಚೀಲಗಳಲ್ಲಿ ಮಣ್ಣು ತುಂಬಿಕೊಂಡು ಹೋದವರು ಮತ್ತೆ ಬರಲಿಲ್ಲ.

ಮೂರನೆಯದಾಗಿ ಬಂದದ್ದು ಒಂದು ಗಣಿ ಕಂಪನಿ, ಅದರ ಜೊತೆಗೆ ಹೆಂಗಸೊಬ್ಬಳು ಇದ್ದಳು. ಮಿಚಿದ್ಮಾ. ರಾಜಧಾನಿಯಲ್ಲಿ ಭೂಗರ್ಭಶಾಸ್ತ್ರ ಓದಿದವಳು, ಮೂವತ್ತರ ಒಳಗಿನವಳು, ಗಾಳಿಗೆ ಒಡೆದ ತುಟಿ. ಗುಡಾರಕ್ಕೆ ಬಂದವಳು ಚಹಾ ಕೇಳದೆ, ತಾನೇ ಎದ್ದು ಬಕೆಟ್ಟಿನ ನೀರು ಮುಗಿದಿದೆ ಅಂತ ನೋಡಿ ತುಂಬಿಕೊಂಡು ಬಂದಳು. ನೊರ್ಜಿನ್ ಕಂಡ ಮೂವತ್ತು ವರ್ಷದಲ್ಲಿ ಈ ದಿಬ್ಬಕ್ಕೆ ಕಲ್ಲಿಗಾಗಿ ಬಂದವರಲ್ಲಿ ಖಾಲಿ ಬಕೆಟ್ಟು ಕಣ್ಣಿಗೆ ಬಿದ್ದದ್ದು ಅವಳೊಬ್ಬಳಿಗೇ. ಹಾಗಾಗಿ ನೊರ್ಜಿನ್ ಅವಳ ಮಾತನ್ನು ನಂಬಿದಳು.

ಮಿಚಿದ್ಮಾ ಹೇಳುವ ರೀತಿಯೂ ಹಾಗಿತ್ತು. ಬಹಳ ಹಿಂದೆ ಕರಗಿದ ಬಂಡೆ ಆಳದಿಂದ ಉಬ್ಬಿ ಬಂದು ಇಲ್ಲಿ ನಿಂತಿತಂತೆ. ಅದರ ಸುತ್ತ ನೆಲ ಬಿರಿಯಿತು, ಆ ಬಿರುಕುಗಳಲ್ಲಿ ಕುದಿನೀರು ಹರಿದು ತಾಮ್ರವನ್ನೂ ಚೂರು ಚಿನ್ನವನ್ನೂ ಬಿಟ್ಟು ಹೋಯಿತು. ಆಮೇಲೆ ಮಳೆಗಾಳಿಗೆ ಮೇಲಿನ ತಾಮ್ರ ಕರಗಿ ಕೆಳಗಿಳಿಯಿತು, ಅದಕ್ಕೇ ನೆತ್ತಿ ಬೆಳ್ಳಗೆ. ಕೆಳಗೆ ಎಲ್ಲೋ ಅದು ಮಂದವಾಗಿ ಕೂತಿರಬೇಕು.

"ನಮ್ಮ ಹಾಸಿನ ಹಾಗೆ ಅನ್ನು," ಅಂದಳು ನೊರ್ಜಿನ್. "ಸಾರ ಎಲ್ಲ ಅಡೀಲಿ."

ಮಿಚಿದ್ಮಾ ನಕ್ಕಳು. ಹೌದಕ್ಕ, ಹಾಗೇ ಅಂದಳು.

ಸೊದ್ನೊಮ್‌ಗೆ ಕಾವಲುಗಾರನ ಕೆಲಸ ಕೊಟ್ಟರು. ಕೈಗೆ ರೇಡಿಯೋ, ಮೈಗೆ ಬೆಳಕಿಗೆ ಮಿನುಗುವ ಪಟ್ಟಿಯ ಕೋಟು. ಹದಿನೈದು ದಿನ ಕ್ಯಾಂಪಿನಲ್ಲಿ, ಹದಿನೈದು ದಿನ ಮನೆಯಲ್ಲಿ. ಮನೆಯ ಹದಿನೈದು ದಿನವೂ ಕೋಟು ಕಳಚುತ್ತಿರಲಿಲ್ಲ. ರಜೆಯಲ್ಲಿರುವವನಿಗೆ ನೀರು ತರುವ ಕೆಲಸ ಹೇಳಬಾರದು ಎಂಬ ಹೊಸ ನಿಯಮ ಹೇಗೋ ಗುಡಾರದೊಳಗೆ ಬಂದು ಕೂತಿತು. ಹಿಂಡು ಕಾಯುವುದೂ ಈಗ ನೊರ್ಜಿನ್ ಪಾಲಿಗೆ ಬಿತ್ತು. ಮಗಳು ಮದುವೆಯಾಗಿ ಉತ್ತರಕ್ಕೆ ಹೋಗಿದ್ದಳು. ಅತ್ತೆಗೆ ಮೊಣಕಾಲು ಹೋಗಿತ್ತು.

ಬೇಸಿಗೆ ಮುಗಿಯುವ ಹೊತ್ತಿಗೆ ಕೊರೆಯುವ ಯಂತ್ರ ಬಂತು. ದಿಬ್ಬದ ನೆತ್ತಿಯಲ್ಲಿ ಕೊರೆದಾಗ ತಾಮ್ರ ದಕ್ಷಿಣಕ್ಕೆ ಜಾರಿ ಇಳಿದಿದೆ ಎಂದು ಗೊತ್ತಾಯಿತು. ದಕ್ಷಿಣಕ್ಕೆ ಅಂದರೆ ರೊಪ್ಪದ ಕೆಳಕ್ಕೆ. ನೊರ್ಜಿನ್ ಮಿಚಿದ್ಮಾಳನ್ನು ಕಂಡು ಒಂದೇ ಒಂದು ಮಾತು ಕೇಳಿದಳು: ಈ ಚಳಿಗಾಲ ದಾಟಲಿ, ವಸಂತದಲ್ಲಿ ಬೇಕಾದರೆ ಎದ್ದು ಹೋಗುತ್ತೇವೆ, ಹೊಸ ಜಾಗದಲ್ಲಿ ಬೇಸಿಗೆಯಿಡೀ ಹಿಕ್ಕೆ ಹರಡಿ ಒಣಗಿಸಿ ಹದ ಮಾಡಿಕೊಳ್ಳುತ್ತೇನೆ. ಮಿಚಿದ್ಮಾ ಆಗಲಿ ಅಂದಳು. ಆಗಲಿ ಅನ್ನುವ ಅಧಿಕಾರ ಅವಳಿಗಿರಲಿಲ್ಲ, ಅದು ಅವಳಿಗೂ ಆಮೇಲೆ ಗೊತ್ತಾಯಿತು. ಹಣ ಹಾಕಿದವರು ವರ್ಷ ತಿರುಗುವ ಮುಂಚೆ ಫಲಿತಾಂಶ ಕೇಳುತ್ತಿದ್ದರು.

ಸೊದ್ನೊಮ್ ಸುದ್ದಿ ತಂದಾಗ ನೊರ್ಜಿನ್ ಆಡುಗಳ ಹಾಲು ಕರೆಯುತ್ತಿದ್ದಳು. ದಿಬ್ಬದ ಆಚೆ ಗುಡ್ಡದ ಏಣಿನ ಮರೆಯಲ್ಲಿ ಕಂಪನಿಯೇ ಹೊಸ ರೊಪ್ಪ ಕಟ್ಟಿಸಿಕೊಡುತ್ತದೆ, ಹಲಗೆ ಗೋಡೆ, ತಗಡಿನ ಸೂರು. ಸಹಿ ಹಾಕಿದ್ದಾಯಿತು. ಕ್ಯಾಂಪಿನಲ್ಲಿ ಊಟದ ಹೊತ್ತಿಗೆ ಕೇಳಿದರು, ಹಾಕಿಬಿಟ್ಟೆ ಅಂದ.

"ಹಾಸು?" ಅಂದಳು ಅವಳು, ಕೈ ನಿಲ್ಲಿಸದೆ.

"ಹಾಸು ಏನು? ಕುರಿ ಮಲಗಿದ್ರೆ ತಾನಾಗೇ ಆಗುತ್ತೆ."

"ಯಾವಾಗ?"

ಹಕ್ಕುಪತ್ರ ನನ್ನ ಹೆಸರಲ್ಲಿರೋದು ಅಂದ ಅವನು, ಯಾರೂ ಅದನ್ನು ಕೇಳದಿದ್ದರೂ.

ಆ ಸಂಜೆ ಅತ್ತೆ ಸೊಸೆ ಒಲೆಯ ಮುಂದೆ ಕೂತು ಮಾತಾಡಿಕೊಂಡರು. ಈ ಜನ ಎತ್ತಿ ಕಟ್ಟಿಕೊಂಡು ಹೋಗದ ವಸ್ತುವೇ ಇಲ್ಲ. ಗುಡಾರದ ಜಾಲರಿ ಗೋಡೆ ಮಡಚುತ್ತದೆ, ಬಾಗಿಲು ಚೌಕಟ್ಟಿನ ಸಮೇತ ಒಂಟೆ ಏರುತ್ತದೆ, ಒಲೆ, ದೇವರ ಪೆಟ್ಟಿಗೆ, ಹುಟ್ಟಿದ ಮರಿ, ಸಾಯಲಿರುವ ಮುದುಕಿ, ಎಲ್ಲವೂ ಗಾಡಿ ಏರಿ ಹೊರಡುತ್ತವೆ. ಹಾಗಾದರೆ ಹಾಸು ಯಾಕೆ ಹೊರಡಬಾರದು? ಮೊದಲು ಹೇಳಿದ್ದು ದೆಜಿದ್. ಕಲ್ಲಿನವರು ಕೆಳಗಿನದನ್ನ ಕೊಯ್ದು ಪೆಟ್ಟಿಗೇಲಿಟ್ಟು ಒಯ್ಯೋದಾದರೆ, ನಾವು ಮೇಲಿನದನ್ನ ಒಯ್ಯೋಣ ಅಂದಳು. ನೊರ್ಜಿನ್‌ಗೆ ಆ ಮಾತು ಮನಸ್ಸಿಗೆ ಹಿಡಿಸಿತು. ಇಡೀ ಬೇಸಿಗೆಯಲ್ಲಿ ಅವಳಿಗೆ ಮೊದಲ ಸಲ ನಿದ್ದೆ ಬಂತು.

ಪಿಕಾಸಿ ಹಿಡಿದು ಕೊಯ್ಯಲು ಶುರುಮಾಡಿದಳು. ಮುಂಜಾನೆ ಹಾಲು ಕರೆದು, ಹಿಂಡನ್ನು ಮೇಯಲು ಬಿಟ್ಟು, ಅತ್ತೆಗೆ ಉಣ್ಣಲಿಟ್ಟು, ಆಮೇಲೆ ರೊಪ್ಪಕ್ಕೆ. ಮೇಲಿನ ಪದರ ಸಡಿಲ, ಅದರ ಕೆಳಗಿನದು ಮರದ ಹಲಗೆಯಂತೆ, ಇನ್ನೂ ಕೆಳಗಿನದು ಕಪ್ಪು, ಹೊಳಪು, ಪಿಕಾಸಿ ಚಿಮ್ಮುವಷ್ಟು ಗಟ್ಟಿ. ದೆಜಿದ್ ಕುಂಟುತ್ತಾ ಬಂದು ಒಂದು ಕಲ್ಲಿನ ಮೇಲೆ ಕೂತು, ಈ ಬಣ್ಣದ್ದು ಮೇಲೆ ಹಾಕು, ಆ ಬಣ್ಣದ್ದು ಅಡಿಗೆ ಇಡು ಎಂದು ಬೇರ್ಪಡಿಸಿ ಹೇಳುವಳು. ಮಿಚಿದ್ಮಾ ಕಂಪನಿಯ ಲಾರಿ ಕೊಡಿಸಿದಳು. ಒಂದು ಸಂಜೆ ತಾನೂ ಬಂದು ಪಿಕಾಸಿ ಹಿಡಿದಳು. ಕೊಯ್ದ ಹಾಸಿನ ಮಗ್ಗುಲಲ್ಲಿ ಪದರಗಳನ್ನು ಬೆರಳಿನಿಂದ ತಡವಿ, ಇದು ಎಷ್ಟು ಹಳೇದಕ್ಕ ಅಂತ ಕೇಳಿದಳು. ಅತ್ತೆಯ ಅತ್ತೆಯನ್ನ ಕೇಳಬೇಕು ಅಂದಳು ನೊರ್ಜಿನ್. ಸೊದ್ನೊಮನ ರಜೆಯ ಹದಿನೈದು ದಿನ ನಡುವೆ ಬಂದು ಹೋದವು. ಅವನು ಲಾರಿಯ ಪಕ್ಕ ನಿಂತು, ಹಿಂದಕ್ಕೆ, ಇನ್ನೂ ಹಿಂದಕ್ಕೆ ಎಂದು ಡ್ರೈವರನಿಗೆ ಕೈ ಬೀಸಿದ.

ಹಾಸಿನ ಅಡಿಯಲ್ಲಿ ಹಸಿರು ಕಲೆಯ ಬಂಡೆ ಸಿಕ್ಕಿತು. ನೊರ್ಜಿನ್ ಅದನ್ನು ಗುಡಿಸಿದಳು. ಬೀಡು ಬಿಡುವಾಗ ಗೂಟದ ಗುಂಡಿ ಮುಚ್ಚಿ, ಬೂದಿ ಹೂತು, ಕಸ ಹೆಕ್ಕಿ ಹೊರಡುವುದು ಇವರ ಪದ್ಧತಿ. ಒಂದು ಹಿಕ್ಕೆಯೂ ಉಳಿಯದ ಹಾಗೆ ಗುಡಿಸಿ ಬಂದಳು.

ಹೊಸ ರೊಪ್ಪದಲ್ಲಿ ಹಾಸು ಚಂದ ಕಂಡಿತು. ಅಡಿಯ ಕಪ್ಪು ಅಡಿಗೆ, ಮೇಲಿನದು ಮೇಲೆ, ನಡುವಿನ ಸಂದುಗಳಿಗೆ ಪುಡಿ ತುಂಬಿದ್ದಳು. ಹಾಸು ಸಾಕಷ್ಟು ದಪ್ಪ ಬರಲೆಂದು ಒಲೆಗೆ ಒಟ್ಟಿಟ್ಟಿದ್ದ ಇಟ್ಟಿಗೆಗಳನ್ನೂ ಬಹುಪಾಲು ಅದಕ್ಕೇ ಸುರಿದಿದ್ದಳು. ಅಂಗೈ ಒಡೆದು ರಕ್ತ ಬಂದಿತ್ತು. ದೆಜಿದ್ ಅಂಗೈಗೆ ಕುರಿಬಾಲದ ಕೊಬ್ಬು ಸವರುತ್ತಾ, ನನ್ನ ಅತ್ತೆ ನೋಡಿದ್ರೆ ನಿನ್ನನ್ನ ಹೊಗಳ್ತಿದ್ದಳು, ನನ್ನನ್ನಂತೂ ಒಂದು ಸಲಾನೂ ಹೊಗಳಲಿಲ್ಲ ಮುದುಕಿ ಅಂದಳು.

ಆಮೇಲೆ ಮಳೆ ಬಂತು. ಹಿಮ ಬೀಳಬೇಕಾದ ಹೊತ್ತಿನಲ್ಲಿ, ಗಾಳಿಯ ಜೊತೆ ಅಡ್ಡಡ್ಡ ಹೊಡೆಯುವ ಮಳೆ. ತಗಡಿನ ಸೂರು ಅರ್ಧ ರೊಪ್ಪಕ್ಕೆ ಮಾತ್ರ ಇತ್ತು. ಹಳೆಯ ಹಾಸಾಗಿದ್ದರೆ ನೀರು ಮೇಲೆಯೇ ನಿಂತು ಹರಿದು ಹೋಗುತ್ತಿತ್ತು. ಅದನ್ನು ಬಿಗಿದಿದ್ದದ್ದು ಅಷ್ಟು ವರ್ಷದ ತುಳಿತ. ಕೊಯ್ದು ಜೋಡಿಸಿದ್ದರಲ್ಲಿ ಆ ಬಿಗಿ ಇರಲಿಲ್ಲ. ಸಂದು ಸಂದಿಗೂ ನೀರು ಇಳಿಯಿತು. ಬೆಳಿಗ್ಗೆ ನೊರ್ಜಿನ್ ಕೈ ತೂರಿಸಿದಾಗ ಮೊಣಕೈವರೆಗೂ ಒದ್ದೆ. ಬಿಸಿಲಿಗಾಗಿ ಕಾದಳು. ಬಿಸಿಲು ಬರಲಿಲ್ಲ, ಚಳಿ ಬಂತು. ಹಾಸು ಇಡಿಯಾಗಿ ಹೆಪ್ಪುಗಟ್ಟಿ ಕಲ್ಲಾಯಿತು.

ಆ ಚಳಿಗಾಲ ಜುದ್. ಹುಲ್ಲಿನ ಮೇಲೆ ಮೊದಲು ಮಂಜುಗಡ್ಡೆ ಕಟ್ಟಿ, ಅದರ ಮೇಲೆ ಹಿಮ ಬಿದ್ದು, ಗೊರಸಿನಿಂದ ಕೆದಕಿದರೂ ಮೇವು ಸಿಗದಂಥ ವರ್ಷ. ಸುತ್ತಲ ಎಲ್ಲರ ಹಿಂಡೂ ನರಳಿತು, ಆದರೆ ಹಾಸು ಇದ್ದವರ ಹಿಂಡು ಮಲಗಿ ನರಳಿತು. ನೊರ್ಜಿನ್‌ಳ ಮುನ್ನೂರಕ್ಕೂ ಹೆಚ್ಚು ಆಡುಕುರಿ ನಿಂತೇ ಇದ್ದವು. ಮುಂಜಾನೆ ಹೋದರೆ ಎಲ್ಲವೂ ಒಂದೇ ಕಡೆ ಮುಖ ಮಾಡಿ ನಿಂತಿರುತ್ತಿದ್ದವು, ದಿಬ್ಬದ ಕಡೆಗೆ. ಬಿದ್ದವು ಏಳುತ್ತಿರಲಿಲ್ಲ. ಅವಳು ದಿನವೂ ಸತ್ತವನ್ನು ಕಾಲು ಹಿಡಿದು ಎಳೆದು ಹೊರಗೆ ಹಾಕಿದಳು, ಆಗುವಷ್ಟರ ಚರ್ಮ ಸುಲಿದಳು, ಬಸಿರಿದ್ದವುಗಳಿಗೆ ಹಳೆಯ ಗಂಬಳಿ ಹೊಲಿದು ಹೊದಿಸಿದಳು, ಬಡಕಲಾದವನ್ನು ಗುಡಾರದೊಳಗೆ ತಂದು ಕಟ್ಟಿದಳು. ಗುಡಾರವೂ ತಣ್ಣಗಿತ್ತು. ಒಲೆಗೆ ಹಾಕಬೇಕಾದದ್ದೆಲ್ಲ ರೊಪ್ಪದಲ್ಲಿ ಕಲ್ಲಾಗಿ ಬಿದ್ದಿತ್ತು. ಅದನ್ನು ಪಿಕಾಸಿಯಿಂದ ಒಡೆದು ತಂದು ಹಾಕಿದರೆ ಹೊಗೆ ಬರುತ್ತಿತ್ತು, ಉರಿ ಬರುತ್ತಿರಲಿಲ್ಲ.

ಆ ಹೊಗೆಯಲ್ಲಿ ದೆಜಿದ್ ಕೆಮ್ಮಿ ಕೆಮ್ಮಿ ಸೋತಳು. ಎರಡು ಆಡುಮರಿಗಳನ್ನು ಪಕ್ಕದಲ್ಲಿ ಮಲಗಿಸಿಕೊಂಡಿದ್ದಳು. ಅವಕ್ಕೆ ಅವಳಿಂದ ಬಿಸಿ, ಅವಳಿಗೆ ಅವುಗಳಿಂದ.

"ಹೊತ್ತು ತಂದೋರು ನಾವೇ ಕಣೇ," ಅಂದಳು ಒಂದು ಮಧ್ಯಾಹ್ನ. "ಬೈಯೋಣ ಅಂದ್ರೂ ಯಾರೂ ಸಿಗ್ತಿಲ್ಲ."

"ನಿಮ್ಮ ಮಗನ್ನ ಬೈಯಿರಿ."

"ಅವನನ್ನ ಬೈದು ಬೈದು ಬಾಯಿ ಸವೆದುಹೋಗಿದೆ." ಸ್ವಲ್ಪ ನಕ್ಕಳು, ನಗು ಕೆಮ್ಮಾಯಿತು. ಹೊಸ ವರ್ಷದ ಬಿಳಿ ತಿಂಗಳ ಹಬ್ಬಕ್ಕೆ ಇನ್ನೂ ಕೆಲವು ದಿನವಿರುವಾಗ ಸತ್ತಳು. ನೆಲ ಅಗೆಯಲಾಗದಷ್ಟು ಗಟ್ಟಿಯಿತ್ತು. ಸೊದ್ನೊಮ್ ಬಂದು, ಕಲ್ಲು ಗುಡ್ಡೆ ಹಾಕಿ, ಮೂರನೆಯ ದಿನ ಕ್ಯಾಂಪಿಗೆ ಮರಳಿದ. ಕೊರೆಯುವವರು ಚಳಿಗೆ ಕೆಲಸ ನಿಲ್ಲಿಸಿ ಹೋಗಿದ್ದರು. ಉಳಿದಿದ್ದದ್ದು ಕಾವಲಿನವರು ಮಾತ್ರ.

ಅತ್ತೆ ಹೋದ ಮೇಲೆ ನೊರ್ಜಿನ್ ಉಳಿದ ಹಿಂಡನ್ನು ನೋಡಿದಳು. ಅರವತ್ತು ಎಪ್ಪತ್ತು ಇರಬಹುದು. ಇವೂ ಹೋದರೆ ಅವಳಿಗೆ ಉಳಿಯುವುದು ತಾಲೂಕು ಕೇಂದ್ರದಲ್ಲಿ ಯಾರದೋ ಮನೆಯ ನೆಲ ಒರೆಸುವುದು, ಇಲ್ಲವೇ ಕ್ಯಾಂಪಿನ ಅಡಿಗೆಮನೆ. ಮಧ್ಯಾಹ್ನ ಗಾಳಿ ನಿಂತಾಗ ರೊಪ್ಪದ ಬಾಗಿಲು ತೆಗೆದಳು. ಹೊಡೆಯಬೇಕಾಗಲಿಲ್ಲ. ಆಡುಗಳು ತಾವೇ ದಿಬ್ಬದ ಕಡೆ ಹೊರಟವು.

ಹಳೆಯ ಬೀಡಿನ ಸುತ್ತ ಈಗ ತಂತಿಬೇಲಿ. ಬಾಗಿಲಲ್ಲಿ ಮಿನುಗುವ ಪಟ್ಟಿಯ ಕೋಟಿನಲ್ಲಿ ಅವಳ ಗಂಡ. ಸೂರ್ಯ ಏಣಿನ ಹಿಂದೆ ಇಳಿಯುತ್ತಿದ್ದ.

"ಇಲ್ಲಿಗೆ ಬಿಡೋ ಹಾಗಿಲ್ಲ ನೊರ್ಜಿನ್. ನನ್ನ ಕೆಲಸ ಹೋಗುತ್ತೆ."

"ಗೋಡೆ ಮರೆ ಬೇಕು. ಅಷ್ಟೇ."

"ಕ್ಯಾಮೆರಾ ಇದೆ."

"ಇರಲಿ. ನೋಡಲಿ."

"ನಾನು ಈ ಬಾಗಿಲು ತೆಗೆದ್ರೆ ನಾಳೆ ನಿನಗೆ ಹಿಟ್ಟು ಯಾರು ತರ್ತಾರೆ?"

"ನೀನು ಹಿಟ್ಟು ತಂದೆ," ಅಂದಳು ಅವಳು. "ಅದನ್ನ ಬೇಯಿಸೋಕೆ ಉರಿ ಇರಲಿಲ್ಲ. ನಿಮ್ಮಮ್ಮ ಹಸಿ ಹಿಟ್ಟು ನೀರಲ್ಲಿ ಕಲಸಿ ಕುಡಿದಳು. ಅದು ನಿನಗೆ ಗೊತ್ತಾ?"

ಗೊತ್ತಿರಲಿಲ್ಲ. ಅವನು ಬಾಗಿಲು ತೆಗೆಯಲಿಲ್ಲ, ಅಡ್ಡವೂ ನಿಲ್ಲಲಿಲ್ಲ. ಬೆನ್ನು ತಿರುಗಿಸಿ ಕಬ್ಬಿಣದ ಪೆಟ್ಟಿಗೆಯಂಥ ಕಾವಲುಮನೆಯೊಳಕ್ಕೆ ಹೋದ. ಚಿಲಕ ತೆಗೆದವಳು ಅವಳೇ.

ಒಳಗೆ ಕಲ್ಲುಗೋಡೆ ಹಾಗೇ ಇತ್ತು. ನೆಲದಿಂದ ಮೂರು ಕಡೆ ಕಬ್ಬಿಣದ ಕೊಳವೆಯ ತುದಿಗಳು ಎದ್ದಿದ್ದವು, ಮೇಲೆ ಮುಚ್ಚಳ. ಉಳಿದದ್ದು ಅವಳೇ ಗುಡಿಸಿಟ್ಟ ಬಂಡೆ, ಅದರ ಮೇಲೆ ಗಟ್ಟಿ ಹಿಮ. ಆಡುಗಳು ನುಗ್ಗಿ ಬಂದು ಒಂದೊಂದೂ ತನ್ನ ಹಳೆಯ ಜಾಗ ಹುಡುಕಿ, ಕೊಳವೆ ಎದ್ದಿದ್ದ ಕಡೆಯವು ಪಕ್ಕಕ್ಕೆ ಸರಿದು, ಮೊಣಕಾಲೂರಿ ಮಲಗಿದವು. ಎರಡು ತಿಂಗಳಿಂದ ನಿಂತಿದ್ದವು, ಬರಿ ಬಂಡೆಯ ಮೇಲೆ ಮಲಗಿದವು. ನೊರ್ಜಿನ್ ಅವನ್ನು ಎಬ್ಬಿಸಲು ಓಡಾಡಿದಳು, ಕೋಲಿನಿಂದ ತಿವಿದಳು, ಕೊಂಬು ಹಿಡಿದು ಎತ್ತಿದಳು. ಒಂದನ್ನು ಎಬ್ಬಿಸಿದರೆ ಇನ್ನೊಂದು ಮಲಗುತ್ತಿತ್ತು. ಅವುಗಳಿಗೆ ಮನೆ ಸಿಕ್ಕಿತ್ತು.

ಬೆಳಿಗ್ಗೆ ಬೆಳಕು ಹರಿದಾಗ ಬಹಳಷ್ಟು ಹಾಗೇ ಇದ್ದವು, ಮೂಗಿನ ಮೇಲೆ ಇಬ್ಬನಿ ಗಟ್ಟಿಯಾಗಿ. ಗೋಡೆಯ ಮೂಲೆಯಲ್ಲಿ ಒಂದರ ಮೇಲೊಂದು ಒತ್ತಿಕೊಂಡಿದ್ದ ಹದಿನಾರು ಹದಿನೇಳು ಮಾತ್ರ ತಲೆ ಎತ್ತಿದವು. ಸತ್ತವುಗಳ ಮೈ ಅವುಗಳಿಗೆ ಹಾಸಾಗಿತ್ತು.

ವಸಂತದಲ್ಲಿ ಮಿಚಿದ್ಮಾ ಬಂದಳು. ಕಂಪನಿ ಬಿಟ್ಟು ಹೋಗುತ್ತಿದೆ ಎಂದು ಹೇಳುವ ಕೆಲಸ ಅವಳಿಗೇ ಬಿದ್ದಿತ್ತು. ಬೇಲಿ ಕಿತ್ತಾಗಿತ್ತು, ಕೊರೆದ ಕಲ್ಲಿನ ಉದ್ದನೆಯ ಪೆಟ್ಟಿಗೆಗಳು ಲಾರಿ ಏರಿದ್ದವು. ನೊರ್ಜಿನ್ ಗುಡಾರವನ್ನು ಹಳೆಯ ಜಾಗಕ್ಕೇ ತಂದು ಹೂಡಿದ್ದಳು. ಮಿಚಿದ್ಮಾ ಒಳಗೆ ಬಂದು ದೆಜಿದ್ ಕೂರುತ್ತಿದ್ದ ಕಡೆ ನೋಡಿ ಅತ್ತಳು. ನೊರ್ಜಿನ್ ಅವಳು ಅಳುವುದನ್ನು ಮುಗಿಸಲು ಬಿಟ್ಟು, ಆಮೇಲೆ ಕೇಳಿದಳು.

"ಇತ್ತಾ ಕೆಳಗೆ?"

"ಇದೆ ಅಕ್ಕ. ತಾಮ್ರ ಇದೆ, ಚಿನ್ನವೂ ಇದೆ. ಸಾಲದು."

ಯಾರಿಗೆ ಸಾಲದು ಅಂತ ನೊರ್ಜಿನ್ ಕೇಳಲಿಲ್ಲ. ತಾಮ್ರದ ಬೆಲೆ ಏರಿದರೆ ಇನ್ಯಾರಾದರೂ ಬರಬಹುದು ಅಂದಳು ಮಿಚಿದ್ಮಾ, ತಾನು ಬರುವುದಿಲ್ಲ ಅಂದಳು.

ಕೆಲಸ ಹೋದ ಸೊದ್ನೊಮ್ ಮನೆಗೆ ಬಂದು ಎರಡು ದಿನ ಮಲಗಿದ. ಕೋಟನ್ನು ಕಂಪನಿ ವಾಪಸು ತೆಗೆದುಕೊಂಡಿತ್ತು. ಮೂರನೆಯ ದಿನ ಒಲೆ ಆರಿದ್ದು ಕಂಡು ರೊಪ್ಪಕ್ಕೆ ಹೋದ. ಉಳಿದ ಆಡುಗಳು ಗೋಡೆಯ ಬುಡದಲ್ಲಿ ಇಷ್ಟು ದಿನ ಹಾಕಿದ್ದ ಹಿಕ್ಕೆ ತೆಳ್ಳಗೆ ಹರಡಿ ಒಣಗಿತ್ತು. ಬಂಡೆ ಮುಚ್ಚುವಷ್ಟೂ ಇರಲಿಲ್ಲ. ಅವನು ಬಗ್ಗಿ ಬೊಗಸೆಗೆ ಬಾಚಿಕೊಳ್ಳುತ್ತಿದ್ದಾಗ ನೊರ್ಜಿನ್ ಹಿಂದೆ ಬಂದು ನಿಂತಳು.

"ಅದನ್ನ ಮುಟ್ಟಬೇಡ."

"ಒಲೆಗೆ ಏನು ಹಾಕ್ತೀಯಾ?"

ಬೆನ್ನಿಗೆ ಹಾಕಿಕೊಳ್ಳುವ ಬುಟ್ಟಿಯನ್ನೂ, ಸಗಣಿ ಎತ್ತುವ ಕವೆಗೋಲನ್ನೂ ಅವನ ಮುಂದೆ ಇಟ್ಟಳು. "ಬಯಲಲ್ಲಿ ಒಂಟೆಗಳದ್ದು ಸಿಗುತ್ತೆ. ಹಳೇದನ್ನೇ ಆರಿಸು, ಹಸಿಯದು ಉರಿಯಲ್ಲ."

ಅವನು ಬುಟ್ಟಿಯನ್ನು ನೋಡಿದ. ಆ ಮನೆಯ ಗಂಡಸರ ಬೆನ್ನಿಗೆ ಅದು ಏರಿದ್ದಿಲ್ಲ. ಬೊಗಸೆಯಲ್ಲಿದ್ದದ್ದನ್ನು ಗೋಡೆಯ ಬುಡಕ್ಕೇ ಉದುರಿಸಿ, ಹಗ್ಗವನ್ನು ಹೆಗಲಿಗೆ ಹೇಗೆ ಸಿಕ್ಕಿಸುವುದೆಂದು ತಿಳಿಯದೆ ಎರಡು ಸಲ ತಪ್ಪಿ ಸಿಕ್ಕಿಸಿಕೊಂಡು, ಬಯಲಿಗೆ ಇಳಿದ. ನೊರ್ಜಿನ್ ಅವನು ಉದುರಿಸಿದ್ದನ್ನು ಪೊರಕೆಯಿಂದ ಹರಡಿ, ಮೇಲೆ ನಿಂತು ಕಾಲಿನಿಂದ ಒತ್ತಿದಳು. ಸಂಜೆ ಅವನು ತಂದದ್ದು ಅರ್ಧ ಬುಟ್ಟಿ. ಅದರಲ್ಲೂ ಮುಕ್ಕಾಲು ಹಸಿ. ಅವಳು ಅದನ್ನು ಆರಿಸಿ, ಒಣಗಿದ್ದನ್ನು ಒಲೆಗೆ ಹಾಕಿದಳು.